ರೋಗಿಗೆ ಉಣಿಸುವ ಧರ್ಮ

(ಇಗರ್ಜಿಯ ಶತಮಾನೋತ್ಸವ ಕಾರ್ಯಕ್ರಮಗಳ ಅಂಗವಾಗಿ, ಜಾಗತಿಕ ರೋಗಿಗಳ ದಿನದಂದು ವಿಚಾರಣಾ ಗುರುಗಳು ನೀಡಿದ ಉಪನ್ಯಾಸ)



ನೂರು ವರ್ಷಗಳನ್ನು ಪೂರೈಸಿದ ಧರ್ಮಕೇಂದ್ರವು ತನ್ನನ್ನು ಕಟ್ಟಿದ ಹಿರಿಯರನ್ನು ನೆನೆಯುವುದು ಸಹಜವೂ ಯೋಗ್ಯವೂ ಆಗಿದೆ. ಇಗರ್ಜಿಯ ಗೋಡೆಗೆ ಕಲ್ಲು ಹೊತ್ತವರ ಮಕ್ಕಳು ಮೊಮ್ಮಕ್ಕಳಲ್ಲಿ ಅನೇಕರು ಇಂದು ಈ ಸಭಾಂಗಣಕ್ಕೆ ಬರಲಾರದೆ ಮನೆಯ ಒಳಕೋಣೆಯಲ್ಲಿ ಮಲಗಿದ್ದಾರೆ. ಇಂದು ಫೆಬ್ರವರಿ 11, ಲೂರ್ದು ಮಾತೆಯ ಸ್ಮರಣೆಯ ದಿನ. ಜಗದ್ಗುರು ಎರಡನೆಯ ಜಾನ್ ಪಾಲರು 1992ರಲ್ಲಿ ಇದನ್ನೇ ಜಾಗತಿಕ ರೋಗಿಗಳ ದಿನವೆಂದು ಗೊತ್ತುಪಡಿಸಿದರು. ಆದುದರಿಂದ ಹಾಸಿಗೆ ಹಿಡಿದವರನ್ನೂ ಅವರ ಬದಿಯಲ್ಲಿ ಎಚ್ಚರದಿಂದ ಕುಳಿತವರನ್ನೂ ಕುರಿತು ಮಾತನಾಡಬೇಕೆಂದು ನಾವು ನಿಶ್ಚಯಿಸಿದೆವು.

ರೋಗಿಗಳ ಅಭ್ಯಂಗ ಸಂಸ್ಕಾರವನ್ನು ನೀಡಲು ಮನೆಗೋ ಆಸ್ಪತ್ರೆಗೋ ಹೋದಾಗ, ಪ್ರಾರ್ಥನೆಯೆಲ್ಲ ಮುಗಿದ ಮೇಲೆ, ಬಾಗಿಲಿನ ತನಕ ಬಂದ ಮಗನೋ ಸೊಸೆಯೋ ದನಿ ತಗ್ಗಿಸಿ ಕೇಳುವ ಪ್ರಶ್ನೆಯೊಂದಿದೆ: "ಫಾದರ್, ಡಾಕ್ಟರರು ಮೂಗಿಗೆ ನಳಿಕೆ ಹಾಕುವಾ ಎನ್ನುತ್ತಾರೆ. ಹಾಕಿಸಬೇಕೇ? ಬೇಡವೆಂದರೆ ಪಾಪ ಬರುತ್ತದೆಯೇ?" ಉಡುಪಿಯಲ್ಲಾಗಲೀ ಕಾಪು, ಕಾರ್ಕಳಗಳಲ್ಲಾಗಲೀ ಈ ಪ್ರಶ್ನೆ ಈಗ ಅಪರೂಪದ್ದಲ್ಲ. ಮಣಿಪಾಲದಲ್ಲಿ ಡಾ. ಟಿ. ಎಂ. ಎ. ಪೈಗಳು 1953ರಲ್ಲಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿ, 1961ರಲ್ಲಿ ಕಸ್ತೂರ್ಬಾ ಆಸ್ಪತ್ರೆಯು ತೆರೆದ ಬಳಿಕ, ಹಿಂದೆ ಮಹಾನಗರಗಳಲ್ಲಿ ಮಾತ್ರ ದೊರೆಯುತ್ತಿದ್ದ ಚಿಕಿತ್ಸೆಯು ನಮ್ಮ ಮನೆಬಾಗಿಲಿಗೇ ಬಂದಿದೆ. ಚಿಕಿತ್ಸೆ ಹತ್ತಿರ ಬಂದಂತೆ ನಿರ್ಧಾರದ ಹೊರೆಯೂ ಹತ್ತಿರ ಬಂದಿದೆ. ಆ ಹೊರೆಯನ್ನು ತಿಳುವಳಿಕೆಯಿಂದ ಹೊರುವಂತಾಗಲಿ ಎಂಬುದೇ ಈ ಉಪನ್ಯಾಸದ ಉದ್ದೇಶ. ನಾವು ವೈದ್ಯರಲ್ಲ. ವೈದ್ಯರಿಂದ ಕೇಳಿ ತಿಳಿದುದನ್ನೂ ಧರ್ಮಸಭೆಯು ಬೋಧಿಸಿದುದನ್ನೂ ಜೊತೆಗಿರಿಸಿ ಹೇಳುತ್ತೇವೆ.

ನಮ್ಮ ನಾಡಿನಲ್ಲಿ ಊಟವೆಂದರೆ ಹೊಟ್ಟೆಯ ವಿಷಯ ಮಾತ್ರವಲ್ಲ. ಮನೆಗೆ ಬಂದವರನ್ನು ನಾವು ಮೊದಲು ಕೇಳುವುದೇ ಊಟವಾಯಿತೇ ಎಂದು. ಜ್ವರ ಬಂದ ಮಗುವಿಗೂ ಬಾಣಂತಿಗೂ ಹಾಸಿಗೆ ಹಿಡಿದ ಅಜ್ಜನಿಗೂ ಕುಚ್ಚಲಕ್ಕಿಯ ಗಂಜಿ, ನಮ್ಮ ಕೊಂಕಣಿ ಮನೆಗಳ ಮಾತಿನಲ್ಲಿ ಪೇಜ್, ಇದ್ದೇ ಇರಬೇಕು. ಹಸಿದವರಿಗೆ ಉಣಿಸುವುದು, ಬಾಯಾರಿದವರಿಗೆ ಕುಡಿಸುವುದು, ರೋಗಿಗಳನ್ನು ಸಂದರ್ಶಿಸುವುದು, ಈ ಮೂರೂ ದಯಾಕಾರ್ಯಗಳೆಂದು ನಾವೆಲ್ಲರೂ ಬಾಲ್ಯದ ಧರ್ಮೋಪದೇಶದ ತರಗತಿಯಲ್ಲೇ ಕಲಿತಿದ್ದೇವೆ. ಹೀಗಿರುವಾಗ, ತಾಯಿಗೆ ಊಟ ಸೇರುವುದಿಲ್ಲ ಎಂಬ ಮಾತು ಮಕ್ಕಳ ಎದೆಗೆ ನೇರವಾಗಿ ತಾಗುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ನೊಂದ ಎದೆಯು ಎರಡು ವಿಧದಲ್ಲಿ ದಾರಿ ತಪ್ಪಬಹುದು. ಕೆಲವರು, ನಳಿಕೆಯೆಂದರೆ ಹಿಂಸೆ, ಅದು ಕೊನೆಗಾಲದ ಚಿಹ್ನೆ ಎಂದು ಹೆದರಿ, ಗುಣವಾಗಬಲ್ಲ ರೋಗಿಗೂ ಅದನ್ನು ಬೇಡವೆನ್ನುತ್ತಾರೆ. ಮತ್ತೆ ಕೆಲವರು, ದೇಹವು ಅನ್ನವನ್ನು ಸ್ವೀಕರಿಸುವ ಶಕ್ತಿಯನ್ನೇ ಕಳೆದುಕೊಂಡ ಮೇಲೂ, ಹಸಿವಿನಿಂದ ಸಾಯಲು ಬಿಟ್ಟರೆಂಬ ಲೋಕಾಪವಾದಕ್ಕೆ ಅಂಜಿ, ಏನಾದರೂ ಏರಿಸಿರೆಂದು ವೈದ್ಯರನ್ನು ಒತ್ತಾಯಿಸುತ್ತಾರೆ. ಇವೆರಡರ ನಡುವಣ ದಾರಿಯನ್ನು ಕಾಣಲು ಮೊದಲು ಈ ಸಾಧನಗಳು ಯಾವುವು, ಯಾವುದು ಏನನ್ನು ಮಾಡುತ್ತದೆ ಎಂಬುದನ್ನು ಅರಿಯಬೇಕು.

ಗ್ಲೂಕೋಸ್ ಬಾಟ್ಲಿಯಿಂದಲೇ ಆರಂಭಿಸೋಣ. "ಎರಡು ಬಾಟ್ಲಿ ಏರಿಸಿದರೆ ಶಕ್ತಿ ಬರುತ್ತದೆ" ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಸಾಮಾನ್ಯವಾಗಿ ಏರಿಸುವ ಶೇಕಡಾ 5ರ ಗ್ಲೂಕೋಸ್ ದ್ರಾವಣದ 500 ಮಿಲಿಲೀಟರಿನ ಒಂದು ಬಾಟ್ಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಅಂದರೆ ಐದಾರು ಟೀ ಚಮಚದಷ್ಟು. ಅದರಿಂದ ದೊರೆಯುವ ಶಕ್ತಿ 100 ಕ್ಯಾಲೊರಿಯನ್ನು ಮೀರದು. 50 ಕಿಲೋ ತೂಕದ ರೋಗಿಯೊಬ್ಬರಿಗೆ ದಿನವೊಂದಕ್ಕೆ ಸುಮಾರು 1,250ರಿಂದ 1,500 ಕ್ಯಾಲೊರಿಯೂ 50 ಗ್ರಾಮಿಗೆ ಕಡಿಮೆಯಿಲ್ಲದಷ್ಟು ಸಸಾರಜನಕವೂ, ಅಂದರೆ ಪ್ರೋಟೀನೂ ಬೇಕು. ಬಾಟ್ಲಿಯಲ್ಲಿ ಪ್ರೋಟೀನು ಲವಲೇಶವೂ ಇಲ್ಲ. ಸಲೈನ್ ಎಂಬ ಉಪ್ಪುನೀರಿನಲ್ಲಂತೂ ಕ್ಯಾಲೊರಿಯೇ ಇಲ್ಲ. ವಾಂತಿಭೇದಿಯಿಂದ ಬಳಲಿದವನಿಗೂ ಶಸ್ತ್ರಚಿಕಿತ್ಸೆಗೆ ಒಳಗಾದವನಿಗೂ ಈ ಬಾಟ್ಲಿಗಳು ಪ್ರಾಣರಕ್ಷಕಗಳೆಂಬುದು ನಿಜ. ಅವು ನೀರನ್ನೂ ಲವಣವನ್ನೂ ಒದಗಿಸುತ್ತವೆ. ಆದರೆ ಅವನ್ನು ಅನ್ನವೆಂದು ತಿಳಿದು ವಾರಗಟ್ಟಲೆ ಏರಿಸಿದರೆ ರೋಗಿಯು ನಮ್ಮ ಕಣ್ಣೆದುರಿಗೇ ಉಪವಾಸವಿದ್ದಂತಾಗುತ್ತದೆ. ಕೂಲಿಯ ಹಣವನ್ನು ಬಾಟ್ಲಿಗೆ ಸುರಿಯುವ ಬಡ ಕುಟುಂಬವು ಈ ಲೆಕ್ಕವನ್ನು ಅವಶ್ಯವಾಗಿ ತಿಳಿದಿರಬೇಕು.

ಇನ್ನು ನಳಿಕೆಯ ವಿಷಯ. ಮೂಗಿನಿಂದ ಗಂಟಲು, ಅನ್ನನಾಳಗಳ ಮೂಲಕ ಜಠರಕ್ಕೆ ಇಳಿಸುವ ಸಣ್ಣ ಕೊಳವೆಯನ್ನು ನಮ್ಮ ಆಸ್ಪತ್ರೆಗಳಲ್ಲಿ ರೈಲ್ಸ್ ಟ್ಯೂಬ್ ಎನ್ನುತ್ತಾರೆ. ಜಾನ್ ಆಲ್ಫ್ರೆಡ್ ರೈಲ್ ಎಂಬ ಆಂಗ್ಲ ವೈದ್ಯರು 1921ರಲ್ಲಿ ಅದನ್ನು ವಿವರಿಸಿದರು. ಎಂದರೆ ಅದರ ಪ್ರಾಯವೂ ನಮ್ಮ ಇಗರ್ಜಿಯ ಪ್ರಾಯವೂ ಹೆಚ್ಚುಕಡಿಮೆ ಸಮಾನ. ಅವರ ಉದ್ದೇಶವಾದರೋ ಜಠರರಸವನ್ನು ಪರೀಕ್ಷೆಗಾಗಿ ಹೊರತೆಗೆಯುವುದಾಗಿತ್ತು. ಅದೇ ದಾರಿಯಲ್ಲಿ ಆಹಾರವನ್ನು ಒಳಗೆ ಕಳುಹಿಸುವ ಉಪಯೋಗವೇ ಈಗ ನಮಗೆ ಹೆಚ್ಚು ಪರಿಚಿತ. ನಳಿಕೆಯಿಂದ ಉಣಿಸುವ ಯೋಚನೆಯು ಇನ್ನೂ ಹಳೆಯದು. 1790ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್, ನುಂಗಲಾರದ ರೋಗಿಯೊಬ್ಬನಿಗೆ ಹಾವುಮೀನಿನ ಚರ್ಮದಿಂದ ಮಾಡಿದ ಕೊಳವೆಯ ಮೂಲಕ ಆಹಾರವಿತ್ತನು. ಕೆಲವು ವಾರಗಳಲ್ಲಿ ರೋಗಿಗೆ ನುಂಗುವ ಶಕ್ತಿ ಮರಳಿತು.

ಈ ಕೊನೆಯ ಮಾತನ್ನು ಗಮನಿಸಬೇಕು. ಪಾರ್ಶ್ವವಾಯು ಬಡಿದವರಲ್ಲಿ ಅನೇಕರಿಗೆ ಮೊದಲ ದಿನಗಳಲ್ಲಿ ನುಂಗಲು ಆಗುವುದಿಲ್ಲ. ಬಲವಂತವಾಗಿ ಬಾಯಿಗೆ ಹಾಕಿದ ಗಂಜಿಯು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾಕ್ಕೆ ಕಾರಣವಾಗುತ್ತದೆ. ಆದರೆ ಅವರಲ್ಲಿ ಬಹಳ ಮಂದಿಗೆ ಕೆಲವು ವಾರಗಳಲ್ಲಿ ಆ ಶಕ್ತಿ ಹಿಂತಿರುಗುತ್ತದೆ. ಅಷ್ಟರವರೆಗೆ ದೇಹವನ್ನು ಕಾಪಾಡುವ ಸೇತುವೆಯೇ ಈ ನಳಿಕೆ. ತಲೆಗೆ ಪೆಟ್ಟಾದವರಿಗೂ, ಬಾಯಿ ಅಥವಾ ಗಂಟಲಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರಿಗೂ ಇದೇ ಮಾತು ಸಲ್ಲುತ್ತದೆ. ಇಂಥವರಿಗೆ ನಳಿಕೆ ಬೇಡವೆನ್ನುವುದು ಕರುಣೆಯಂತೆ ತೋರಿದರೂ ಕರುಣೆಯಲ್ಲ. ನಾಲ್ಕಾರು ವಾರಗಳಿಗಿಂತ ದೀರ್ಘಕಾಲ ಅದು ಬೇಕಾಗುವುದಾದರೆ, ಹೊಟ್ಟೆಯ ಮೇಲ್ಭಾಗದಲ್ಲಿ ಸಣ್ಣ ರಂಧ್ರದ ಮೂಲಕ ಜಠರಕ್ಕೆ ನೇರವಾಗಿ ಕೊಳವೆಯನ್ನಿಡುವ ಕ್ರಮವಿದೆ. ಅದಕ್ಕೆ ಪೆಗ್ ಎನ್ನುತ್ತಾರೆ. 1979ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಡಾ. ಗಾಡರರ್ ಮತ್ತು ಡಾ. ಪಾನ್ಸ್ಕಿ ಎಂಬವರು, ದೊಡ್ಡ ಶಸ್ತ್ರಚಿಕಿತ್ಸೆಯಿಲ್ಲದೆ, ದುರ್ಬೀನಿನ ಸಹಾಯದಿಂದ ಇದನ್ನು ಮೊದಲು ಮಾಡಿದ್ದು ಒಂದು ಶಿಶುವಿಗೆ. ಮೂಗಿನ ಕಿರಿಕಿರಿ ಇದರಲ್ಲಿಲ್ಲ. ನಳಿಕೆಯು ಬಟ್ಟೆಯೊಳಗೆ ಮರೆಯಾಗಿರುವುದರಿಂದ ರೋಗಿಯು ನಾಲ್ಕು ಜನರ ನಡುವೆ ಸಂಕೋಚವಿಲ್ಲದೆ ಕುಳಿತುಕೊಳ್ಳಬಹುದು.

ಕರುಳೇ ಕೆಲಸಮಾಡದಿದ್ದಾಗ ಮಾತ್ರ ರಕ್ತನಾಳದ ಮೂಲಕ ಪೂರ್ಣ ಆಹಾರವನ್ನು ಕೊಡಬೇಕಾಗುತ್ತದೆ. 1960ರ ದಶಕದ ಕೊನೆಯಲ್ಲಿ ಫಿಲಡೆಲ್ಫಿಯಾದ ಡಾ. ಸ್ಟ್ಯಾನ್ಲಿ ಡಡ್ರಿಕ್ ಅವರು ಮೊದಲು ನಾಯಿಮರಿಗಳಿಗೂ ಬಳಿಕ ಕರುಳಿನ ಬಹುಭಾಗವಿಲ್ಲದೆ ಜನಿಸಿದ ಮಗುವೊಂದಕ್ಕೂ ಸಕ್ಕರೆ, ಪ್ರೋಟೀನಿನ ಅಂಶ, ಲವಣ, ಜೀವಸತ್ವಗಳ ಮಿಶ್ರಣವನ್ನು ರಕ್ತನಾಳದಿಂದಲೇ ಇತ್ತು, ಬೆಳವಣಿಗೆ ಸಾಧ್ಯವೆಂದು ತೋರಿಸಿದರು. ಈ ದ್ರಾವಣವು ತೀರ ಗಟ್ಟಿಯಾದುದರಿಂದ ಕೈಯ ಸಣ್ಣ ರಕ್ತನಾಳವು ಅದನ್ನು ತಾಳದು. ಹೃದಯದ ಸಮೀಪದ ದೊಡ್ಡ ನಾಳಕ್ಕೇ ಕೊಳವೆಯನ್ನು ಇಳಿಸಬೇಕು. ರಕ್ತಕ್ಕೆ ಸೋಂಕು ತಗಲುವ ಭಯವೂ ಯಕೃತ್ತಿಗೆ ತೊಂದರೆಯಾಗುವ ಭಯವೂ ಇರುವುದರಿಂದ ದಿನದಿನವೂ ಪರೀಕ್ಷೆಗಳು ಬೇಕು, ಖರ್ಚೂ ಅಧಿಕ. ತರಬೇತಿ ಪಡೆದು ಮನೆಯಲ್ಲಿಯೇ ಇದನ್ನು ನಡೆಸುವವರು ಲೋಕದಲ್ಲಿ ಇದ್ದಾರಾದರೂ ನಮ್ಮ ಕಡೆ ಇದು ಬಹುಮಟ್ಟಿಗೆ ದೊಡ್ಡ ಆಸ್ಪತ್ರೆಯ ಕೆಲಸ. ಕರುಳು ಕೆಲಸಮಾಡುತ್ತಿರುವ ತನಕ ಅದನ್ನೇ ಉಪಯೋಗಿಸಿರಿ ಎಂಬುದು ವೈದ್ಯರ ಸೂತ್ರ.

ಆಸ್ಪತ್ರೆಯಿಂದ ನಳಿಕೆಯೊಡನೆ ಮನೆಗೆ ಬಂದ ರೋಗಿಯ ಭಾರವು ಹೆಚ್ಚಾಗಿ ಮನೆಯ ಹೆಂಗಸೊಬ್ಬಳ ಮೇಲೆ ಬೀಳುತ್ತದೆ. ಅವಳ ಉಪಯೋಗಕ್ಕಾಗಿ ಕೆಲವು ವಿಷಯಗಳನ್ನು ಇಲ್ಲಿ ಸ್ಪಷ್ಟಪಡಿಸುತ್ತೇವೆ. ಡಿಸ್ಚಾರ್ಜ್ ಆಗುವ ಮುನ್ನವೇ ದಾದಿಯರ ಎದುರಿಗೆ ಎರಡು ಮೂರು ಬಾರಿ ನಿಮ್ಮ ಕೈಯಿಂದಲೇ ಉಣಿಸಿ ಕಲಿತುಕೊಳ್ಳಿರಿ.

ಒಂದನೆಯದಾಗಿ, ಉಣಿಸುವ ಮುನ್ನ ಕೈಗಳನ್ನು ಸಾಬೂನಿನಿಂದ ತೊಳೆದು, ನಳಿಕೆಯು ಸ್ವಸ್ಥಾನದಲ್ಲಿದೆಯೇ ಎಂದು ನೋಡತಕ್ಕದ್ದು. ಮೂಗಿನ ಬಳಿಯ ಗುರುತು ಸರಿದಿರಬಾರದು. ಸಿರಿಂಜಿನಿಂದ ಸ್ವಲ್ಪ ಜಠರರಸವನ್ನು ಎಳೆದು ಪರೀಕ್ಷಾ ಕಾಗದದಲ್ಲಿ ಅದರ ಹುಳಿಯನ್ನು ನೋಡುವ ವಿಧಾನವನ್ನು ಆಸ್ಪತ್ರೆಯಲ್ಲಿ ಕೇಳಿ ತಿಳಿಯಿರಿ. ಗಾಳಿ ಊದಿ ಹೊಟ್ಟೆಯ ಸದ್ದನ್ನು ಆಲಿಸುವ ಹಳೆಯ ಕ್ರಮವೊಂದನ್ನೇ ನಂಬತಕ್ಕದ್ದಲ್ಲ. ಸಂಶಯವಿದ್ದರೆ ಒಂದು ಹನಿಯನ್ನೂ ಹಾಕಬೇಡಿ.

ಎರಡನೆಯದಾಗಿ, ಮಲಗಿದಲ್ಲೇ ಉಣಿಸಬಾರದು. ತಲೆ ಮತ್ತು ಎದೆಯ ಭಾಗವನ್ನು ದಿಂಬುಗಳಿಂದ 30ರಿಂದ 45 ಡಿಗ್ರಿಯಷ್ಟು ಎತ್ತರಿಸಿ, ಉಣಿಸಿದ ಮೇಲೂ ಒಂದು ಗಂಟೆ ಹಾಗೆಯೇ ಇರಿಸಬೇಕು.

ಮೂರನೆಯದಾಗಿ, ಅವಸರವಿಲ್ಲದಿರಲಿ. ಒಂದು ಬಾರಿಗೆ ವೈದ್ಯರು ಹೇಳಿದಷ್ಟೇ, ಸಾಮಾನ್ಯವಾಗಿ 200ರಿಂದ 250 ಮಿಲಿಲೀಟರಿನಷ್ಟು ಮಾತ್ರ, ಸಿರಿಂಜನ್ನು ಎತ್ತಿ ಹಿಡಿದು ತಾನಾಗಿ ಇಳಿಯಲು ಬಿಡಬೇಕು. ಒತ್ತಿ ನೂಕಬಾರದು. ಮೊದಲೂ ಕೊನೆಗೂ ಸುಮಾರು 30 ಮಿಲಿಲೀಟರ್ ಕುದಿಸಿ ಆರಿಸಿದ ನೀರನ್ನು ಹಾಕಿದರೆ ನಳಿಕೆ ಕಟ್ಟಿಕೊಳ್ಳದು. ಮದ್ದನ್ನು ಆಹಾರದೊಡನೆ ಬೆರೆಸದೆ ಬೇರೆಯಾಗಿ ಕೊಡಿ. ಕೆಲವು ಗುಳಿಗೆಗಳನ್ನು ಪುಡಿಮಾಡುವಂತಿಲ್ಲವಾದುದರಿಂದ ಕೇಳಿಯೇ ಪುಡಿಮಾಡಿ.

ನಾಲ್ಕನೆಯದಾಗಿ, ಆಹಾರದ ಗುಣ. ಗಂಜಿಯ ತಿಳಿಯನ್ನು ಮಾತ್ರ ಹಾಕಿದರೆ ಅದು ಬಹುಪಾಲು ನೀರೇ ಸರಿ. ಅನ್ನ, ಬೇಳೆ, ತರಕಾರಿಗಳನ್ನು ಚೆನ್ನಾಗಿ ಬೇಯಿಸಿ ಮಿಕ್ಸಿಯಲ್ಲಿ ನುಣ್ಣಗೆ ಅರೆದು ಸೋಸಿ, ಹಾಲು, ರಾಗಿಯ ಅಂಬಲಿ, ಮೊಟ್ಟೆ, ಸ್ವಲ್ಪ ಎಣ್ಣೆ ಇವುಗಳನ್ನು ಆಸ್ಪತ್ರೆಯ ಆಹಾರತಜ್ಞರು ಬರೆದುಕೊಟ್ಟ ಪ್ರಮಾಣದಲ್ಲಿ ಸೇರಿಸಬೇಕು. ಮಧುಮೇಹಕ್ಕೂ ಮೂತ್ರಪಿಂಡದ ಕಾಯಿಲೆಗೂ ಪ್ರಮಾಣಗಳು ಬೇರೆಬೇರೆ. ಎಳನೀರು ಒಳ್ಳೆಯದೆಂದು ಮೂತ್ರಪಿಂಡದ ರೋಗಿಗೆ ಕೇಳದೆ ಕೊಟ್ಟರೆ ಅದರಲ್ಲಿರುವ ಪೊಟಾಸಿಯಂ ಅಪಾಯಕಾರಿಯಾದೀತು. ನಮ್ಮ ಕರಾವಳಿಯ ಸೆಕೆಗೆ ಆಹಾರ ಬೇಗ ಕೆಡುತ್ತದೆ. ಮಾಡಿದುದನ್ನು ಎರಡು ಗಂಟೆಗಳಿಗಿಂತ ಹೆಚ್ಚು ಹೊರಗಿಡಬೇಡಿ.

ಐದನೆಯದಾಗಿ, ಬಹುದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ತುಂಬ ಉಣಿಸಬಾರದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಹಸಿವಿನಿಂದ ಬಳಲಿ ಬಿಡುಗಡೆಯಾದ ಬಂದಿಗಳಲ್ಲಿ ಕೆಲವರು ಊಟ ದೊರೆತ ಮೇಲೆಯೇ ಮೃತಪಟ್ಟರು. ಆಹಾರವು ಒಮ್ಮೆಲೇ ಸೇರಿದಾಗ ರಕ್ತದಲ್ಲಿನ ಫಾಸ್ಫೇಟ್, ಪೊಟಾಸಿಯಂಗಳು ಇಳಿದು ಹೃದಯದ ಬಡಿತವೇ ಕೆಡುತ್ತದೆಯೆಂದು ವೈದ್ಯರು ಕಂಡುಕೊಂಡಿದ್ದಾರೆ. ಆದುದರಿಂದ ಅವರು ಸ್ವಲ್ಪಸ್ವಲ್ಪವಾಗಿ ಏರಿಸಿರೆಂದರೆ ಅದು ಜಿಪುಣತನವಲ್ಲ, ಜಾಗರೂಕತೆ.

ಆರನೆಯದಾಗಿ, ಉಣಿಸುವಾಗ ಕೆಮ್ಮು, ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಯ ಸಹಾಯ ಪಡೆಯಿರಿ. ಮೂಗಿನ ನಳಿಕೆ ಕಿತ್ತು ಬಂದರೆ ಸ್ವತಃ ತುರುಕಬೇಡಿ. ಹೊಟ್ಟೆಯ ನಳಿಕೆ ಹೊರಬಂದರೆ ಅದರ ರಂಧ್ರವು ಕೆಲವೇ ಗಂಟೆಗಳಲ್ಲಿ ಮುಚ್ಚತೊಡಗುವುದರಿಂದ ಅದೇ ದಿನ ಹೋಗಬೇಕು. ಬಾಯಿಯಿಂದ ಊಟವಿಲ್ಲದಿದ್ದರೂ ಹಲ್ಲು ನಾಲಿಗೆಗಳನ್ನು ದಿನವೂ ಶುಚಿಗೊಳಿಸುವುದನ್ನು ಮರೆಯಬಾರದು.

ಈಗ ಬಾಗಿಲಿನ ಬಳಿಯ ಪ್ರಶ್ನೆಗೆ ಬರೋಣ. ನಳಿಕೆ ಬೇಡವೆಂದರೆ ಪಾಪವೇ? ಜೆಪ್ಪುವಿನ ಸೆಮಿನರಿಯಲ್ಲಿ ನೀತಿಶಾಸ್ತ್ರವನ್ನು ಕಲಿಯುವಾಗ ನಮಗೆ ಸಾಧಾರಣ ಸಾಧನ, ಅಸಾಧಾರಣ ಸಾಧನ ಎಂಬ ಭೇದವನ್ನು ಬೋಧಿಸಿದ್ದರು. ಈ ವಿಚಾರವು ಯಂತ್ರಗಳ ಕಾಲದಲ್ಲಿ ಹುಟ್ಟಿದುದಲ್ಲ, ಊಟದ ವಿಷಯದಲ್ಲೇ ಹುಟ್ಟಿತು ಎಂಬುದು ಸ್ವಾರಸ್ಯಕರ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನ ಸಾಲಮಾಂಕದಲ್ಲಿ ಬೋಧಿಸುತ್ತಿದ್ದ ದೊಮಿನಿಕನ್ ಗುರು ಫ್ರಾನ್ಸಿಸ್ಕೊ ದೆ ವಿತೋರಿಯ ಅವರು, ಜೀವವನ್ನು ಅನ್ನದಿಂದ ಪೋಷಿಸುವುದು ಕರ್ತವ್ಯವೆಂದು ಹೇಳಿ, ಆದರೆ ತುತ್ತು ನುಂಗುವುದೇ ಯಾತನೆಯಾಗುವಷ್ಟು ಕುಗ್ಗಿದ ರೋಗಿಯು ಉಣ್ಣದಿದ್ದರೆ ಅವನನ್ನು ಪಾಪಿಯೆನ್ನಲಾಗದೆಂದು ವಿವರಿಸಿದರು. 1957ರ ನವೆಂಬರ್ 24ರಂದು ಜಗದ್ಗುರು ಹನ್ನೆರಡನೆಯ ಪಿಯುಸರು ವೈದ್ಯರನ್ನು ಉದ್ದೇಶಿಸಿ ಮಾತನಾಡುತ್ತ, ವ್ಯಕ್ತಿ, ಸ್ಥಳ, ಕಾಲಗಳಿಗೆ ಅನುಸಾರವಾಗಿ ಸಾಧಾರಣವಾಗಿರುವ ಸಾಧನಗಳಿಗೆ ಮಾತ್ರ ಮನುಷ್ಯನು ಬದ್ಧನೆಂದರು. 1980ರಲ್ಲಿ ಧರ್ಮಸಭೆಯು ದಯಾಮರಣವನ್ನು ಖಂಡಿಸುತ್ತಲೇ, ಮರಣವು ಸನ್ನಿಹಿತವಾದಾಗ ಕೇವಲ ಕಷ್ಟವನ್ನು ಲಂಬಿಸುವ ಚಿಕಿತ್ಸೆಯನ್ನು ಬಿಡಬಹುದೆಂದೂ, ರೋಗಿಗೆ ಸಲ್ಲಬೇಕಾದ ಸಾಮಾನ್ಯ ಶುಶ್ರೂಷೆಯನ್ನು ಮಾತ್ರ ಬಿಡಬಾರದೆಂದೂ ಸಾರಿತು.

ಹಾಗಾದರೆ ನಳಿಕೆಯ ಆಹಾರವು ಚಿಕಿತ್ಸೆಯೋ ಶುಶ್ರೂಷೆಯೋ? 2004ರ ಮಾರ್ಚ್ 20ರಂದು ಜಗದ್ಗುರು ಎರಡನೆಯ ಜಾನ್ ಪಾಲರು, ಎಚ್ಚರವಿದ್ದೂ ಅರಿವಿಲ್ಲದೆ ವರ್ಷಗಟ್ಟಲೆ ಮಲಗಿದ ರೋಗಿಯೂ ಪೂರ್ಣ ಮನುಷ್ಯನೇ ಎಂದು ಘೋಷಿಸಿ, ನಳಿಕೆಯಿಂದಲಾದರೂ ಅವನಿಗೆ ಅನ್ನ ನೀರು ಕೊಡುವುದು ತತ್ತ್ವತಃ ಸಾಧಾರಣ ಶುಶ್ರೂಷೆಯೆಂದು ಸ್ಪಷ್ಟಪಡಿಸಿದರು. 2007ರಲ್ಲಿ ವಿಶ್ವಾಸ ಸಿದ್ಧಾಂತದ ಮಂಡಳಿಯು ಇದನ್ನೇ ದೃಢಪಡಿಸಿ, ಅದರ ಮೇರೆಯನ್ನೂ ತೋರಿಸಿತು. ಆ ಅನ್ನ ನೀರು ದೇಹವನ್ನು ಪೋಷಿಸುವ ತನ್ನ ಉದ್ದೇಶವನ್ನು ಸಾಧಿಸುತ್ತಿರುವಷ್ಟು ಕಾಲ ಅದು ಕರ್ತವ್ಯ. ದೇಹವು ಅದನ್ನು ಜೀರ್ಣಿಸಿಕೊಳ್ಳಲಾರದೆ ಹೋದರೆ, ಅಥವಾ ಅದೇ ರೋಗಿಗೆ ವಿಪರೀತ ಹೊರೆಯಾದರೆ, ಆ ಕರ್ತವ್ಯವಿಲ್ಲ. ಹೀಗೆ ಬೋಧಿಸಿದ ಜಗದ್ಗುರುಗಳೇ ತಮ್ಮ ಕೊನೆಯ ದಿನಗಳಲ್ಲಿ ಮೂಗಿನ ನಳಿಕೆಯನ್ನು ಸ್ವೀಕರಿಸಿದರು. ಅದನ್ನು 2005ರ ಮಾರ್ಚ್ 30ರಂದು ಪ್ರಕಟಿಸಲಾಯಿತು. ಕಾಯಿಲೆ ಉಲ್ಬಣಿಸಿದಾಗ ಅವರು ಮತ್ತೆ ಆಸ್ಪತ್ರೆಗೆ ಹೋಗದೆ ತಮ್ಮ ಕೋಣೆಯಲ್ಲೇ ಉಳಿದು, ಏಪ್ರಿಲ್ 2ರಂದು ದೇವರಡಿಯನ್ನು ಸೇರಿದರು. ನಳಿಕೆಯನ್ನು ಸ್ವೀಕರಿಸುವುದಕ್ಕೂ ಮರಣವನ್ನು ಶಾಂತಿಯಿಂದ ಎದುರುಗೊಳ್ಳುವುದಕ್ಕೂ ವಿರೋಧವಿಲ್ಲವೆಂಬುದಕ್ಕೆ ಇದು ಸಾಕ್ಷಿ.

ನಮ್ಮ ಕರಾವಳಿಗೇ ಸೇರಿದ ಇನ್ನೊಂದು ಸಾಕ್ಷಿಯಿದೆ. ಉತ್ತರ ಕನ್ನಡದ ಹೊನ್ನಾವರದ ಬಳಿಯ ಹಳದೀಪುರದಿಂದ ದಾದಿಯಾಗಿ ಮುಂಬಯಿಗೆ ಹೋದ ಅರುಣಾ ಶಾನಭಾಗರು 1973ರ ನವೆಂಬರಿನಲ್ಲಿ ಕ್ರೂರ ಹಲ್ಲೆಗೆ ಗುರಿಯಾಗಿ, ಮಿದುಳಿಗೆ ಪೆಟ್ಟಾಗಿ, ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯ ಹಾಸಿಗೆಯಲ್ಲಿ ನಲವತ್ತೊಂದು ವರ್ಷಗಳಿಗೂ ಹೆಚ್ಚು ಕಾಲ ಮಲಗಿದ್ದರು. ತಲೆಮಾರಿನಿಂದ ತಲೆಮಾರಿಗೆ ಅಲ್ಲಿನ ದಾದಿಯರು ಅವರಿಗೆ ಮಿದುವಾಗಿ ಮಸೆದ ಆಹಾರವನ್ನು ಕೈಯಿಂದ ಉಣಿಸಿದರು. 2010ರಲ್ಲಿ ಮಲೇರಿಯಾ ತಗಲಿ ಬಾಯಿಯ ಊಟ ಕುಗ್ಗಿದಾಗ ಮಾತ್ರ ರೈಲ್ಸ್ ಟ್ಯೂಬ್ ಹಾಕಲಾಯಿತು. ಅವರಿಗೆ ಉಣಿಸುವುದನ್ನು ನಿಲ್ಲಿಸಲು ಅನುಮತಿ ಕೋರಿ ಲೇಖಕಿಯೊಬ್ಬರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 2011ರ ಮಾರ್ಚ್ 7ರಂದು ನ್ಯಾಯಾಲಯವು, ಇಷ್ಟು ವರ್ಷ ಸೇವೆಗೈದ ದಾದಿಯರ ಹಾಗೂ ಆಸ್ಪತ್ರೆಯವರ ಅಭಿಪ್ರಾಯಕ್ಕೆ ಮನ್ನಣೆಯಿತ್ತು, ಆ ಅನುಮತಿಯನ್ನು ನಿರಾಕರಿಸಿತು. ಅಷ್ಟು ವರ್ಷಗಳಲ್ಲಿ ಅರುಣಾರ ಬೆನ್ನಿಗೆ ಒಂದು ಹಾಸಿಗೆಹುಣ್ಣೂ ಆಗಿರಲಿಲ್ಲವೆಂಬುದು ತೀರ್ಪಿನಲ್ಲಿ ದಾಖಲಾಗಿದೆ. 2015ರ ಮೇ 18ರಂದು ಅವರು ನ್ಯುಮೋನಿಯಾದಿಂದ ತೀರಿಕೊಂಡರು. ಆ ದಾದಿಯರಲ್ಲಿ ಎಲ್ಲ ಮತದವರೂ ಇದ್ದಿರಬೇಕು. ಉಣಿಸುವ ಧರ್ಮಕ್ಕೆ ಜಾತಿಯಿಲ್ಲ.

ಹಾಗೆಂದು ಎಲ್ಲ ರೋಗಿಗಳಿಗೂ ನಳಿಕೆಯೇ ದಾರಿಯೆಂದು ತಿಳಿಯಬಾರದು. ಮರೆವಿನ ಕಾಯಿಲೆಯ ಕೊನೆಯ ಹಂತಕ್ಕೆ ತಲುಪಿದ ವೃದ್ಧರಲ್ಲಿ ನಳಿಕೆಯು ಆಯುಷ್ಯವನ್ನು ಹೆಚ್ಚಿಸುವುದಾಗಲೀ ನ್ಯುಮೋನಿಯಾವನ್ನು ತಡೆಯುವುದಾಗಲೀ ಕಂಡುಬಂದಿಲ್ಲ. ಅವರು ಅದನ್ನು ಕಿತ್ತೆಸೆಯುತ್ತಾರೆ. ಕೀಳದಂತೆ ಕೈಕಟ್ಟಿದರೆ ಅದು ಇನ್ನೊಂದು ಯಾತನೆ. ಅಮೆರಿಕದ ವೃದ್ಧಾರೋಗ್ಯ ವೈದ್ಯರ ಸಂಘವು 2014ರಲ್ಲಿ, ಇಂಥವರಿಗೆ ನಳಿಕೆಯ ಬದಲು ಕೈಯಿಂದ ತಾಳ್ಮೆಯಿಂದ ಉಣಿಸುವುದೇ ಉತ್ತಮವೆಂದು ಸಲಹೆಯಿತ್ತಿತು. ನಾಲ್ಕು ಚಮಚ ಸೇರಿದರೆ ನಾಲ್ಕೇ ಚಮಚ, ಅದಕ್ಕೆ ಅರ್ಧ ಗಂಟೆ ಹಿಡಿದರೆ ಅರ್ಧ ಗಂಟೆ. ಇನ್ನು ಕ್ಯಾನ್ಸರ್ ಮುಂತಾದ ರೋಗಗಳ ಅಂತ್ಯಕಾಲದಲ್ಲಿ, ಕೊನೆಯ ಕೆಲವು ದಿನಗಳಲ್ಲಿ, ದೇಹವು ತಾನಾಗಿಯೇ ಅನ್ನದಿಂದ ಹಿಂದೆ ಸರಿಯುತ್ತದೆ. ಹಸಿವೆಯೂ ಅಡಗುತ್ತದೆ. ಆಗ ಬಲವಂತದಿಂದ ಹಾಕಿದುದು ಹೊಟ್ಟೆಯುಬ್ಬರವನ್ನೂ ವಾಂತಿಯನ್ನೂ, ಏರಿಸಿದ ನೀರು ಕಾಲಿನ ಬಾವನ್ನೂ ಶ್ವಾಸದ ಗೊರಗೊರವನ್ನೂ ಹೆಚ್ಚಿಸುವುದುಂಟು. ಅಂಥ ರೋಗಿಯು ಊಟವಿಲ್ಲದುದರಿಂದ ಸಾಯುತ್ತಿರುವುದಲ್ಲ, ಸಾವು ಸಮೀಪಿಸಿದುದರಿಂದ ಊಟ ನಿಂತಿದೆ. ಮಕ್ಕಳು ಈ ಮಾತನ್ನು ಮನಸ್ಸಿನಲ್ಲಿಡಬೇಕು. ಒದ್ದೆ ಬಟ್ಟೆಯಿಂದ ತುಟಿ ಒರೆಸುವುದು, ನುಂಗಬಲ್ಲರೆಂದು ಖಚಿತವಿದ್ದರೆ ಒಂದೆರಡು ಹನಿ ನೀರನ್ನು ನಾಲಿಗೆಗೆ ಹಾಕುವುದು, ಕೈ ಹಿಡಿದು ಜಪಸರವನ್ನು ಹೇಳುವುದು, ಇವು ಆ ಹೊತ್ತಿನ ಉಣಿಸುವಿಕೆ. ನೋವಿನ ಶಮನಕ್ಕಾಗಿ ಮಣಿಪಾಲದಲ್ಲಿ ಉಪಶಾಮಕ ಚಿಕಿತ್ಸೆಯ ಪ್ರತ್ಯೇಕ ವಿಭಾಗವೇ ಇದೆ. ಅದರ ಸಹಾಯವನ್ನು ಕೊನೆಯ ವಾರದ ತನಕ ಕಾಯದೆ ಪಡೆಯುವುದು ಲೇಸು.

ಈ ಕಾಲದಲ್ಲಿ ಕಾನೂನಿನ ಪ್ರಶ್ನೆಯೂ ಏಳುತ್ತದೆ. ಗುಣವಾಗದ ಕಾಯಿಲೆಯಲ್ಲಿ ತನಗೆ ಯಾವ ಚಿಕಿತ್ಸೆ ಬೇಡವೆಂಬುದನ್ನು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 9ರಂದು ಮಾನ್ಯಮಾಡಿ, 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ಕರ್ನಾಟಕ ಸರಕಾರವು 2025ರ ಜನವರಿಯಲ್ಲಿ ಅದನ್ನು ಜಾರಿಗೆ ತರಲು ಆದೇಶಿಸಿತು. ಕಾನೂನು ಅನುಮತಿಸಿದುದೆಲ್ಲವನ್ನೂ ಧರ್ಮವು ಅನುಮತಿಸುವುದಿಲ್ಲ. ಪೋಷಿಸುತ್ತಿರುವ ಆಹಾರವನ್ನು ಸಾಯಲೆಂದೇ ನಿಲ್ಲಿಸುವುದು ನಮಗೆ ನಿಷಿದ್ಧ. ಆದರೆ ನಾಲಿಗೆ ಆಡುತ್ತಿರುವಾಗಲೇ ಹಿರಿಯರು ತಮ್ಮ ಇಚ್ಛೆಯನ್ನು ಮಕ್ಕಳಿಗೆ ತಿಳಿಸುವುದು ವಿವೇಕ. ನಮ್ಮ ಕುಟುಂಬಗಳಲ್ಲಿ ಒಬ್ಬ ಮಗ ಕುವೈತಿನಲ್ಲಿ, ಇನ್ನೊಬ್ಬ ಮುಂಬಯಿಯಲ್ಲಿ, ತಾಯಿಯ ಹಾಸಿಗೆಯ ಬಳಿ ಇರುವವಳು ಸೊಸೆಯೋ ಅವಿವಾಹಿತ ಮಗಳೋ. ದೂರದಲ್ಲಿರುವವರು ಫೋನಿನಲ್ಲಿ, ಎಲ್ಲವನ್ನೂ ಮಾಡಿಸು, ಖರ್ಚನ್ನು ನಾನು ಕೊಡುತ್ತೇನೆ ಎನ್ನುವುದು ಪ್ರೀತಿಯಿಂದಲೇ. ಆದರೆ ರಾತ್ರಿ ಎರಡು ಗಂಟೆಗೆ ಎದ್ದು ನಳಿಕೆಗೆ ನೀರು ಹಾಕುವವಳ ಮಾತನ್ನು ಅವರು ಮೊದಲು ಕೇಳಬೇಕು. ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ಮೂರೇ: ಈ ನಳಿ��ೆಯು ಯಾವ ಉದ್ದೇಶಕ್ಕಾಗಿ? ಎಷ್ಟು ದಿನ ನೋಡೋಣ? ಉಪಯೋಗವಾಗಲಿಲ್ಲವೆಂದು ಹೇಗೆ ತಿಳಿಯುವುದು? ಇವಕ್ಕೆ ಉತ್ತರ ಪಡೆದು, ಪ್ರಾರ್ಥಿಸಿ, ಒಮ್ಮತದಿಂದ ನಿರ್ಧರಿಸಿದ ಕುಟುಂಬವು ಬಳಿಕ ತನ್ನನ್ನು ತಾನು ದಂಡಿಸಿಕೊಳ್ಳಬೇಕಾಗಿಲ್ಲ.

ಕೊನೆಯದಾಗಿ ನಮ್ಮ ಧರ್ಮಕೇಂದ್ರದ ಕರ್ತವ್ಯ. ನಳಿಕೆ ಹಾಕಿದ ರೋಗಿಯ ಮನೆಗೆ ನಾವು ಹೋಗುವುದು ಕಡಿಮೆಯಾಗುತ್ತದೆ. ಏನು ಮಾತನಾಡುವುದೆಂದು ತೋಚುವುದಿಲ್ಲ, ಕೊಂಡೊಯ್ದ ಕಿತ್ತಳೆಯನ್ನು ಅವರು ತಿನ್ನಲಾರರು. ಆದರೂ ಹೋಗಬೇಕು. ವಾಳೆಯ ಗುರಿಕಾರರು ತಮ್ಮ ವಾಳೆಯಲ್ಲಿ ಇಂಥ ಮನೆಗಳು ಎಷ್ಟೆಂಬುದನ್ನು ತಿಳಿದಿರಲಿ. ವಾರಕ್ಕೊಂದು ಆದಿತ್ಯವಾರ ನೆರೆಮನೆಯವರೊಬ್ಬರು ಎರಡು ಗಂಟೆ ರೋಗಿಯ ಬಳಿ ಕುಳಿತರೆ, ಶುಶ್ರೂಷೆ ಮಾಡುವವಳು ಪೂಜೆಗೆ ಬಂದಾಳು. ವರ್ಷದಿಂದ ಇಗರ್ಜಿಯ ಮೆಟ್ಟಿಲು ತುಳಿಯದ ಅಂಥ ಸಹೋದರಿಯರು ನಮ್ಮ ನಡುವೆ ಇದ್ದಾರೆ. ಮಡಚುವ ಮಂಚ, ಗಾಲಿಕುರ್ಚಿಗಳು ಒಂದು ಮನೆಯ ಉಪಯೋಗ ಮುಗಿದ ಮೇಲೆ ಅಟ್ಟ ಸೇರದೆ ಇನ್ನೊಂದು ಮನೆಗೆ ಸಾಗಲಿ. ಇನ್ನು ಪರಮಪ್ರಸಾದದ ವಿಷಯ: ನಳಿಕೆಯಿದ್ದವರಿಗೆ ಕೊಡಲಾಗದೆಂದು ಭಾವಿಸಿ ಕೆಲವರು ನಮ್ಮನ್ನು ಕರೆಯುವುದೇ ಇಲ್ಲ. ಸ್ವಲ್ಪ ನುಂಗಬಲ್ಲವರಿಗೆ ಅತಿ ಚಿಕ್ಕ ತುಣುಕೂ ಪೂರ್ಣ ಪ್ರಸಾದವೇ. ಘನಾಹಾರ ಸಲ್ಲದವರಿಗೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ನೀಡಲು ಧರ್ಮಸಭೆಯ ಕಾನೂನಿನ 925ನೆಯ ವಿಧಿಯು ಅನುಮತಿಸುತ್ತದೆ. ಅದೂ ಆಗದಿದ್ದಲ್ಲಿ ಆತ್ಮಿಕ ಸ್ವೀಕಾರದ ಪ್ರಾರ್ಥನೆಯಿದೆ, ಅಭ್ಯಂಗ ಸಂಸ್ಕಾರವಿದೆ. ಕರೆಯಿರಿ, ಬರುತ್ತೇವೆ. ರಾತ್ರಿಯಾದರೂ ಬರುತ್ತೇವೆ.

ಪ್ರಿಯರೇ, ಅತ್ತೂರಿನ ಸಂತ ಲಾರೆನ್ಸರ ಮುಂದೆ ಮೇಣದ ಬತ್ತಿ ಹಚ್ಚಿ ರೋಗಿಗಾಗಿ ಬೇಡಿಕೊಳ್ಳುವ ಕೈಯೇ ಮನೆಗೆ ಮರಳಿ ಸಿರಿಂಜನ್ನು ತೊಳೆದು ಗಂಜಿಯನ್ನು ಸೋಸುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಕಡಿಮೆಯ ಭಕ್ತಿಯಲ್ಲ. ನಳಿಕೆಯು ಪೋಷಿಸುವಲ್ಲಿ ಅದನ್ನು ಹೆದರದೆ ಸ್ವೀಕರಿಸೋಣ. ಪೋಷಿಸಲಾರದಲ್ಲಿ ಅದನ್ನು ಹೇರದಿರೋಣ. ರೋಗಿಯ ಬಳಿಯಿಂದ ಮಾತ್ರ ಎಂದಿಗೂ ದೂರವಾಗದಿರೋಣ. ನಮ್ಮ ಧರ್ಮಕೇಂದ್ರದ ಎರಡನೆಯ ಶತಮಾನವು ಈ ಸೇವೆಯಿಂದ ಆರಂಭವಾಗಲಿ. ಹಾಸಿಗೆಯಲ್ಲಿರುವವರನ್ನೂ ಅವರನ್ನು ಆರೈಕೆ ಮಾಡುವವರನ್ನೂ ದೇವರು ಆಶೀರ್ವದಿಸಲಿ.